ಉಪಕೇಂದ್ರ ಧರ್ಮಕೇಂದ್ರವಾಗುವಾಗ: ಅರ್ಜಿಯಿಂದ ಆಜ್ಞಾಪತ್ರದವರೆಗೆ

ಅರ್ಜಿಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಇರುತ್ತವೆ. ನಮ್ಮೂರಲ್ಲಿ ದೇವಾಲಯ ಕಟ್ಟಿ ಮುಗಿಸಿದ್ದೇವೆ, ಗೋಪುರಕ್ಕೆ ಗಂಟೆಯೂ ಬಂದಿದೆ, ಆದ್ದರಿಂದ ನಮ್ಮನ್ನು ಬೇರೆ ಧರ್ಮಕೇಂದ್ರ ಮಾಡಿ ಒಬ್ಬ ಗುರುಗಳನ್ನು ಕಳಿಸಿಕೊಡಿ. ಕೆಳಗೆ ಇನ್ನೂರು ಸಹಿ. ಇಂಥ ಕಾಗದ ಧರ್ಮಾಧ್ಯಕ್ಷರ (ಬಿಷಪ್) ಕಚೇರಿ ಸೇರಿ ವರ್ಷವಾದರೂ ಅಲುಗದೆ ಕೂತಿದ್ದರೆ ಅದಕ್ಕೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರವೆಂದರೆ ಕಟ್ಟಡವಲ್ಲ, ಸ್ಥಿರವಾಗಿ ನೆಲೆನಿಂತ ವಿಶ್ವಾಸಿಗಳ ಒಂದು ಸಮುದಾಯ. ಆ ಕಾನೂನಿನ ಸಂಹಿತೆಯ ಕ್ಯಾನನ್ 515, ಅಂದರೆ 515ನೇ ವಿಧಿ, ಹೇಳುವುದು ಅಷ್ಟೇ. ಕಟ್ಟಡದ ವಿಷಯ ಅದೇ ಸಂಹಿತೆಯಲ್ಲಿ ಏಳುನೂರು ಕ್ಯಾನನ್‌ಗಳಾಚೆ, 1215ರಲ್ಲಿ, ಬೇರೆಯದೇ ಅನುಮತಿಯಾಗಿ ಬರುತ್ತದೆ. ಈ ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿಬಿಟ್ಟರೆ ಓದುವವರಿಗೆ ಯಾವುದಕ್ಕೆ ಉತ್ತರ ಕೊಡಬೇಕೆಂದೇ ತಿಳಿಯುವುದಿಲ್ಲ.

ಮೈಸೂರು, ಬೆಂಗಳೂರು ಕಡೆಯ ಹಳಬರು ಧರ್ಮಕೇಂದ್ರವನ್ನು ಇಂದಿಗೂ ‘ವಿಚಾರಣೆ’ ಎನ್ನುತ್ತಾರೆ, ಅಲ್ಲಿಯ ಸ್ವಾಮಿಗಳು ‘ವಿಚಾರಣಾ ಗುರುಗಳು’. ಒಂದು ವಿಚಾರಣೆಯ ಕೆಳಗೆ ನಾಲ್ಕಾರು ಉಪಕೇಂದ್ರಗಳಿರುವುದು ಹಳ್ಳಿಗಾಡಿನಲ್ಲಿ ಸಾಮಾನ್ಯ. ಗುರುಗಳು ತಿಂಗಳಿಗೆ ಎರಡು ಭಾನುವಾರ ಬಂದು ಬಲಿಪೂಜೆ ಅರ್ಪಿಸಿ ಹೋಗುತ್ತಾರೆ, ಉಳಿದ ದಿನ ಉಪದೇಶಿಯೋ ಸಿಸ್ಟರೋ ಪ್ರಾರ್ಥನೆ ನಡೆಸುತ್ತಾರೆ. ಅಂಥದೊಂದು ಉಪಕೇಂದ್ರ ತನ್ನ ಕಾಲಮೇಲೆ ನಿಲ್ಲುವ ಹಂತಕ್ಕೆ ಬಂದಾಗ ಕಾಗದಪತ್ರ ಹೊತ್ತು ಓಡಾಡುವವರಿಗೆ ಎದುರಾಗುವ ಕೆಲಸ ಇಲ್ಲಿದೆ, ಎದುರಾಗುವ ಕ್ರಮದಲ್ಲೇ.

ಮೊದಲು ತಿಳಿದಿರಬೇಕಾದದ್ದು ಯಾರ ಕೈಯಲ್ಲಿ ಏನಿದೆ ಎಂಬುದು. ಹಲವು ಧರ್ಮಕೇಂದ್ರಗಳು ಸೇರಿ ಒಬ್ಬ ಧರ್ಮಾಧ್ಯಕ್ಷರ ಕೆಳಗಿರುವ ಸೀಮೆಯೇ ಧರ್ಮಕ್ಷೇತ್ರ. ಹೊಸ ಧರ್ಮಕ್ಷೇತ್ರ ಮಾಡುವವರು ಪೋಪ್. ಮಂಗಳೂರು ಧರ್ಮಕ್ಷೇತ್ರದಿಂದ ಉಡುಪಿ, ಕಾರ್ಕಳ, ಕುಂದಾಪುರ ಸೀಮೆಯನ್ನು ಬೇರ್ಪಡಿಸಿ 2012ರಲ್ಲಿ ಉಡುಪಿ ಧರ್ಮಕ್ಷೇತ್ರವಾದದ್ದು ರೋಮಿನ ಆಜ್ಞೆಯಿಂದ. ಧರ್ಮಕೇಂದ್ರವನ್ನು ಸ್ಥಾಪಿಸುವ, ರದ್ದು ಮಾಡುವ, ಗಡಿ ಬದಲಿಸುವ ಅಧಿಕಾರ ಮಾತ್ರ ಪೂರ್ತಿಯಾಗಿ ಆಯಾ ಧರ್ಮಾಧ್ಯಕ್ಷರದು. ಊರಿನವರ ಮತಕ್ಕೂ, ತಾಯಿ ಧರ್ಮಕೇಂದ್ರದ ಸಮಿತಿಯ ನಿರ್ಣಯಕ್ಕೂ ಇಲ್ಲಿ ಕಾನೂನಿನ ಬಲವಿಲ್ಲ. ಆದರೆ ಧರ್ಮಾಧ್ಯಕ್ಷರೂ ಒಬ್ಬರೇ ಕೂತು ಸಹಿ ಹಾಕುವಂತಿಲ್ಲ. ಧರ್ಮಕ್ಷೇತ್ರದ ಗುರುಗಳ ಪ್ರತಿನಿಧಿಗಳಿರುವ ಗುರುಗಳ ಪರಿಷತ್ತಿನ ಅಭಿಪ್ರಾಯವನ್ನು ಕೇಳಲೇಬೇಕು. ಪರಿಷತ್ತು ಬೇಡವೆಂದರೂ ಅವರು ಮುಂದುವರಿಯಬಹುದು, ಅದು ಸಲಹೆ ಮಾತ್ರ. ಕೇಳದೆಯೇ ಹೊರಡಿಸಿದ ಆಜ್ಞೆ ಮಾತ್ರ ಕ್ಯಾನನ್ 127ರ ಪ್ರಕಾರ ಅಸಿಂಧು. ಒಪ್ಪಿಗೆ ಬೇರೆ, ಅಭಿಪ್ರಾಯ ಕೇಳುವುದು ಬೇರೆ. ಈ ಭೇದ ಮುಂದೆಯೂ ಹೆಜ್ಜೆಹೆಜ್ಜೆಗೆ ಬರುತ್ತದೆ.

ಇದರ ವ್ಯಾವಹಾರಿಕ ಅರ್ಥ ಇಷ್ಟು: ಗುರುಗಳ ಪರಿಷತ್ತು ವರ್ಷದಲ್ಲಿ ಕೆಲವೇ ಸಲ ಸೇರುತ್ತದೆ. ಕಡತ ಅರೆಬರೆಯಾಗಿ ಹೋದರೆ ಆ ಸಭೆ ತಪ್ಪುತ್ತದೆ, ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆದ್ದರಿಂದ ಸಭೆಯ ತಾರೀಖನ್ನು ಧರ್ಮಕ್ಷೇತ್ರದ ದಾಖಲೆಪತ್ರ ನೋಡಿಕೊಳ್ಳುವ ಚಾನ್ಸಲರ್ ಕಚೇರಿಯಲ್ಲಿ ವಿಚಾರಿಸಿಕೊಂಡು, ಅದಕ್ಕೂ ಕನಿಷ್ಠ ಆರು ವಾರ ಮೊದಲು ಕಡತ ಮುಟ್ಟಿಸುವುದು ಜಾಣತನ. ಅಷ್ಟರೊಳಗೆ ವಲಯದ ಹೊಣೆ ಹೊತ್ತ ಗುರುಗಳು ಬಂದು ಊರು ನೋಡಿ ತಮ್ಮ ವರದಿ ಸೇರಿಸಬೇಕಾಗುತ್ತದೆ.

ಕಡತದ ಮೊದಲ ಭಾಗ ಕುಟುಂಬಗಳ ಪಟ್ಟಿ. ಇದನ್ನು ಭಾನುವಾರ ದೇವಾಲಯದ ಬಾಗಿಲಲ್ಲಿ ನಿಂತು ಬರೆದುಕೊಳ್ಳಬಾರದು, ಮನೆಮನೆಗೆ ಹೋಗಬೇಕು. ನೆರೆಹೊರೆಯ ಮನೆಗಳ ಗುಂಪುಗಳಾದ ಕಿರು ಕ್ರೈಸ್ತ ಸಮುದಾಯಗಳು ಚೆನ್ನಾಗಿ ನಡೆಯುವ ಕಡೆ ಈ ಕೆಲಸ ಹಗುರ. ಕರಾವಳಿಯಲ್ಲಾದರೆ ವಾಳೆ ಅಂದರೆ ವಾರ್ಡು, ಅದಕ್ಕೊಬ್ಬ ಗುರಿಕಾರ ಅಂದರೆ ಮುಖ್ಯಸ್ಥ ಎಂಬ ವ್ಯವಸ್ಥೆ ಮೊದಲಿನಿಂದಲೂ ಇರುವುದರಿಂದ ಪಟ್ಟಿ ಅರ್ಧ ಸಿದ್ಧವಾಗಿಯೇ ಇರುತ್ತದೆ. ಒಂದೊಂದು ಮನೆಗೆ ಒಂದೊಂದು ಸಾಲು: ಯಜಮಾನರ ಹೆಸರು, ಮನೆಯಲ್ಲಿ ವಾಸವಾಗಿರುವವರು, ಪ್ರತಿಯೊಬ್ಬರ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ಧರ್ಮಕೇಂದ್ರ ಮತ್ತು ತಾರೀಖು, ಮದುವೆ ದಾಖಲಾದ ಕಡೆ, ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಸ್ವಂತ ಮನೆಯೋ ಬಾಡಿಗೆಯೋ, ತಾಯಿ ಧರ್ಮಕೇಂದ್ರಕ್ಕೆ ಎಷ್ಟು ಕಿಲೋಮೀಟರ್, ಬಸ್ಸಿದೆಯೇ.

ಎಷ್ಟು ಕುಟುಂಬವಿದ್ದರೆ ಧರ್ಮಕೇಂದ್ರವಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಸಂಹಿತೆಯಲ್ಲಿ ಸಂಖ್ಯೆಯಿಲ್ಲ. ಸಂಖ್ಯೆ ಉಬ್ಬಿಸುವ ಚಪಲ ಬರುವುದು ಇಲ್ಲೇ, ಪಟ್ಟಿ ಕೆಡುವುದೂ ಇಲ್ಲೇ. ಬೆಂಗಳೂರಿಗೆ ಹೋಗಿ ನೆಲೆಸಿ ಹಬ್ಬಕ್ಕೆ ಮಾತ್ರ ಬರುವ ಮಕ್ಕಳನ್ನು ಊರಿನವರೆಂದು ಸೇರಿಸುತ್ತಾರೆ. ಕಾನೂನಿನ ಲೆಕ್ಕದಲ್ಲಿ ಒಬ್ಬರಿಗೆ ಒಂದು ಕಡೆ ನೆಲೆ ಸಿಗುವುದು ಅಲ್ಲಿ ಕಾಯಮ್ಮಾಗಿ ಇರುವ ಮನಸ್ಸಿನಿಂದ ವಾಸವಾಗಿದ್ದರೆ, ಇಲ್ಲವೆ ಐದು ವರ್ಷ ಪೂರ್ತಿ ಕಳೆದಿದ್ದರೆ. ಮೂರು ತಿಂಗಳಾಗಿದ್ದರೆ ಅರೆನೆಲೆ. ಹೀಗಾಗಿ ಬೆಂಗಳೂರಿನ ಮಗ ಬೆಂಗಳೂರಿನ ಧರ್ಮಕೇಂದ್ರದವನು, ಊರಿನ ಇಟ್ಟಿಗೆ ಗೂಡಿನಲ್ಲಿ ನಾಲ್ಕು ತಿಂಗಳಿಂದ ದುಡಿಯುತ್ತಿರುವ ಹೊರರಾಜ್ಯದ ಕುಟುಂಬ ಊರಿನ ಧರ್ಮಕೇಂದ್ರದ್ದು. ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿರುತ್ತದೆ.

ಇನ್ನೊಂದು ತಪ್ಪು ಕೊಡಗು, ಮಲೆನಾಡು, ದಕ್ಷಿಣ ಕನ್ನಡದ ತೋಟಗಳ ಕಡೆ ಹೆಚ್ಚು. ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಕುಟುಂಬಗಳು, ಅಂದರೆ ಪೋಪರ ಕೆಳಗೇ ಇದ್ದರೂ ಬೇರೆ ‘ರೀತಿ’ಯ ಅಂದರೆ ಬೇರೆ ಪೂಜಾಪದ್ಧತಿಯ ಕಥೋಲಿಕರು, ಎಷ್ಟೋ ವರ್ಷದಿಂದ ನಮ್ಮ ಲತೀನ್ ರೀತಿಯ ಉಪಕೇಂದ್ರದಲ್ಲೇ ಪೂಜೆಗೆ ಬರುತ್ತಿರುತ್ತಾರೆ, ಗಾಯನ ತಂಡದಲ್ಲಿ ಅರ್ಧದಷ್ಟು ಅವರೇ. ಆದರೂ ಅವರು ತಮ್ಮ ರೀತಿಯ ಧರ್ಮಕ್ಷೇತ್ರಕ್ಕೆ ಸೇರಿದವರು. ಕರ್ನಾಟಕದಲ್ಲಿ ಅವರಿಗಾಗಿ ಬೆಳ್ತಂಗಡಿ 1999ರಲ್ಲಿ, ಭದ್ರಾವತಿ 2007ರಲ್ಲಿ, ಮಂಡ್ಯ 2010ರಲ್ಲಿ ಧರ್ಮಕ್ಷೇತ್ರಗಳಾಗಿವೆ. ಎಷ್ಟು ವರ್ಷ ಲತೀನ್ ಪೂಜೆಗೆ ಬಂದರೂ ರೀತಿ ತನ್ನಷ್ಟಕ್ಕೆ ಬದಲಾಗುವುದಿಲ್ಲ. ಅವರನ್ನು ಪಟ್ಟಿಯ ಕೊನೆಯಲ್ಲಿ ಬೇರೆ ಶೀರ್ಷಿಕೆಯಡಿ ಬರೆಯಬೇಕು. ಸೇರಿಸಿ ಎಣಿಸಿದ್ದು ಪರಿಷತ್ತಿನಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

ಪಟ್ಟಿಯಾದ ಮೇಲೆ ಗಡಿ. ಇಡೀ ಕಡತದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಕಾಗದ ಇದು, ಅತಿ ಕಡಿಮೆ ಸಮಯ ಸಿಗುವುದೂ ಇದಕ್ಕೇ. ಧರ್ಮಕೇಂದ್ರ ಸಾಮಾನ್ಯವಾಗಿ ಪ್ರದೇಶಕ್ಕೆ ಅಂಟಿದ್ದು. ಭಾಷೆ, ರೀತಿ ಮುಂತಾದವುಗಳ ಆಧಾರದಲ್ಲಿ ಪ್ರತ್ಯೇಕ ಧರ್ಮಕೇಂದ್ರ ಮಾಡಲು ಕ್ಯಾನನ್ 518ರಲ್ಲಿ ಎಡೆಯಿದೆ ನಿಜ, ಆದರೆ ಕನ್ನಡ-ತಮಿಳು-ಕೊಂಕಣಿ ಪೂಜೆಯ ಜಗಳ ಕಂಡ ನೆಲದಲ್ಲಿ ಆ ದಾರಿಯ ಮಾತೆತ್ತದಿರುವುದೇ ಒಳ್ಳೆಯದು.

‘ಇಂಥ ಊರು ಮತ್ತು ಸುತ್ತಮುತ್ತಲಿನ ಗ್ರಾಮಗಳು’ ಎಂದು ಬರೆದರೆ ಅದು ಗಡಿಯಲ್ಲ. ಕಂದಾಯ ಗ್ರಾಮಗಳ ಹೆಸರನ್ನು ಒಂದೊಂದಾಗಿ, ಹೋಬಳಿ-ತಾಲ್ಲೂಕಿನ ಸಮೇತ ಬರೆಯಬೇಕು. ಒಂದು ಗ್ರಾಮ ಎರಡು ಪಾಲಾಗುವುದಾದರೆ ಯಾವ ಸರ್ವೆ ನಂಬರುಗಳು ಆಚೆ, ಯಾವುವು ಈಚೆ ಎಂದು ಹೇಳಬೇಕು. ರಸ್ತೆಯೇ ಗಡಿಯಾದರೆ ರಸ್ತೆಯ ಮಧ್ಯರೇಖೆ ಎಂದು ಸ್ಪಷ್ಟವಾಗಿರಲಿ, ಇಲ್ಲದಿದ್ದರೆ ರಸ್ತೆಯ ಎರಡೂ ಬದಿಯ ಮನೆಗಳನ್ನು ಇಬ್ಬರೂ ತಮ್ಮವೆನ್ನುತ್ತಾರೆ. ನಾಲೆ, ಹಳ್ಳಗಳನ್ನು ನಂಬಬಾರದು. ಮಂಡ್ಯದ ಗದ್ದೆಬಯಲಿನಲ್ಲಿ ಉಪನಾಲೆಯ ದಿಕ್ಕು ಬದಲಾಗುವುದು ದೊಡ್ಡ ಸಂಗತಿಯೇನಲ್ಲ. ಗ್ರಾಮ ನಕ್ಷೆಯ ಪ್ರತಿ ತಂದು ಅದರ ಮೇಲೆ ತೆಳ್ಳಗಿನ ಗೆರೆ ಎಳೆಯಬೇಕು. ದಪ್ಪ ಮಾರ್ಕರಿನಲ್ಲಿ ಎಳೆದರೆ ಆ ಗೆರೆಯ ಕೆಳಗೇ ಒಂದು ಬೀದಿ ಮುಚ್ಚಿಹೋಗುತ್ತದೆ. ಊರ ಹೊರಗೆ ಖಾಲಿ ಬಿದ್ದಿರುವ ಜಮೀನು ಯಾವ ಕಡೆಗೆ ಎಂಬುದನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. ಹತ್ತು ವರ್ಷದಲ್ಲಿ ಅಲ್ಲಿ ಬಡಾವಣೆ ಏಳುತ್ತದೆ, ಆಗ ತಕರಾರು ಶುರುವಾಗುತ್ತದೆ.

ಇಷ್ಟು ಹಟ ಯಾಕೆಂದರೆ ಮದುವೆಗಳಿಗಾಗಿ. ವಿಚಾರಣಾ ಗುರುವಿಗೆ ತನ್ನ ಹುದ್ದೆಯ ಬಲದಿಂದ ಮದುವೆ ನಡೆಸಿಕೊಡುವ ಅಧಿಕಾರ ಇರುವುದು ತನ್ನ ಗಡಿಯೊಳಗೆ ಮಾತ್ರ. ಗಡಿಯಾಚೆ ನಡೆಸಬೇಕಾದರೆ ಅಲ್ಲಿಯ ಗುರುವೋ ಧರ್ಮಾಧ್ಯಕ್ಷರೋ ಅಧಿಕಾರ ಕೊಟ್ಟಿರಬೇಕು. ಹಾಗೆ ಕೊಡದೆ ನಡೆದ ಮದುವೆಯ ಸಿಂಧುತ್ವಕ್ಕೇ ಕುತ್ತು. ದೇವಾಲಯದೊಳಗೆ ನಡೆಯುವ ಮದುವೆಗೆ ಈ ಗೊಂದಲ ಬಾರದು. ಗಡಿಯಂಚಿನ ಕಾನ್ವೆಂಟಿನ ಪ್ರಾರ್ಥನಾಲಯ, ತೋಟದ ಚಿಕ್ಕ ಗುಡಿ, ಆಸ್ಪತ್ರೆಯ ಚಾಪೆಲ್ ಇಂಥ ಕಡೆ ಬರುತ್ತದೆ. ಆಜ್ಞಾಪತ್ರದಲ್ಲಿ ಇವುಗಳ ಹೆಸರನ್ನೇ ಬರೆದು ಯಾವ ಧರ್ಮಕೇಂದ್ರಕ್ಕೆಂದು ಹೇಳಿಸಿಕೊಂಡರೆ ಆ ಪ್ರಶ್ನೆ ಏಳುವುದೇ ಇಲ್ಲ.

ಇದಕ್ಕಿಂತ ಹೆಚ್ಚು ಎಡವುವುದು ತಾರೀಖಿನಲ್ಲಿ. ಆಜ್ಞೆ ಜಾರಿಗೆ ಬರುವ ದಿನದಿಂದ ತಾಯಿ ಧರ್ಮಕೇಂದ್ರದ ಗುರುಗಳಿಗೂ ಅವರ ಸಹಾಯಕರಿಗೂ ಈ ಊರಿನಲ್ಲಿ ಆ ಅಧಿಕಾರ ಉಳಿಯುವುದಿಲ್ಲ. ಎರಡು ವಾರ ಬಿಟ್ಟು ಒಂದು ಮದುವೆ ನಿಶ್ಚಯವಾಗಿರುತ್ತದೆ, ಹುಡುಗಿಯನ್ನು ಚಿಕ್ಕಂದಿನಿಂದ ಬಲ್ಲ ಹಳೆಯ ಸ್ವಾಮಿಗಳೇ ಬರಲಿ ಎಂದು ಮನೆಯವರ ಆಸೆ. ಬರಲಿ, ತೊಂದರೆಯಿಲ್ಲ, ಆದರೆ ಹೊಸ ಗುರುಗಳಿಂದ ಆ ಮದುವೆಗೆಂದೇ ಅಧಿಕಾರ ಕೊಡಿಸಿಕೊಂಡು ಬರಲಿ. ಒಂದೇ ಮದುವೆಗಾದರೆ ಬಾಯಿಮಾತೂ ಸಾಕು. ಎಲ್ಲ ಮದುವೆಗಳಿಗೂ ಎಂದಾದರೆ ಲಿಖಿತವೇ ಆಗಬೇಕು. ಒಂದೇ ಮದುವೆಗಾದರೂ ಎರಡು ಸಾಲು ಬರೆದು ಮದುವೆ ಪುಸ್ತಕದೊಳಗೆ ಇಟ್ಟುಬಿಡುವುದು ವಾಸಿ. ಹಾಗೆಯೇ ಮದುವೆಗೆ ಮುಂಚೆ ದೇವಾಲಯದಲ್ಲಿ ಓದುವ ಮೂರು ಭಾನುವಾರದ ಪ್ರಕಟಣೆಯಲ್ಲಿ ಎರಡು ಹಳೆಯ ದೇವಾಲಯದಲ್ಲಿ ಓದಿ ಆಗಿದ್ದರೆ ಮೂರನೆಯದು ಎಲ್ಲಿ ಎಂಬ ಪ್ರಶ್ನೆಯೂ ಏಳುತ್ತದೆ. ಎರಡೂ ಕಡೆ ಓದಿಸಿದರೆ ಯಾರಿಗೂ ನಷ್ಟವಿಲ್ಲ.

ಗಡಿಯ ಕರಡನ್ನು ಅಕ್ಕಪಕ್ಕದ ಗುರುಗಳಿಗೆ ತೋರಿಸುವುದು ಸೌಜನ್ಯ ಮಾತ್ರವಲ್ಲ. ಯಾರ ಹಕ್ಕಿಗೆ ಧಕ್ಕೆ ಬರಬಹುದೋ ಅವರ ಮಾತನ್ನು ಆಜ್ಞೆಗೆ ಮುಂಚೆ ಸಾಧ್ಯವಾದಷ್ಟೂ ಕೇಳಬೇಕೆಂದು ಕ್ಯಾನನ್ 50 ಹೇಳುತ್ತದೆ. ತಾಯಿ ಧರ್ಮಕೇಂದ್ರ ಕಳೆದುಕೊಳ್ಳುವುದು ಮನೆಗಳನ್ನಷ್ಟೇ ಅಲ್ಲ, ಕಾಣಿಕೆಯನ್ನೂ. ನಾಲ್ಕು ಉಪಕೇಂದ್ರಗಳಲ್ಲಿ ಗಟ್ಟಿಯಾದದ್ದೇ ಬೇರೆಯಾದರೆ ಉಳಿದ ಮೂರನ್ನು ಸಾಕುವುದು ಹೇಗೆ ಎಂದು ಅಲ್ಲಿಯ ಹಣಕಾಸು ಸಮಿತಿ ಕೇಳಿದರೆ ಅದು ಹೊಟ್ಟೆಕಿಚ್ಚಲ್ಲ, ಉತ್ತರ ಬೇಡುವ ಪ್ರಶ್ನೆ.

ಈಗ ಹಣ, ಆಸ್ತಿ. ಆಜ್ಞೆಯಾದ ಕ್ಷಣದಿಂದ ಹೊಸ ಧರ್ಮಕೇಂದ್ರ ಧರ್ಮಸಭೆಯ ಕಾನೂನಿನಲ್ಲಿ ಸ್ವತಂತ್ರ ವ್ಯಕ್ತಿತ್ವ ಪಡೆಯುತ್ತದೆ, ಅದಕ್ಕೆ ಬೇರೆ ನೋಂದಣಿ ಬೇಕಿಲ್ಲ. ದೇಶದ ಕಾನೂನಿನಲ್ಲಿ ಹಾಗಲ್ಲ. ಅಲ್ಲಿ ಆಸ್ತಿ ನಿಲ್ಲುವುದು ಸಾಮಾನ್ಯವಾಗಿ ಧರ್ಮಕ್ಷೇತ್ರದ ನೋಂದಾಯಿತ ಸಂಸ್ಥೆಯ ಹೆಸರಲ್ಲಿ. ಈ ಎರಡು ಪದರಗಳ ನಡುವೆ ಬಿರುಕು ಬಿಟ್ಟರೆ ಗುರುಗಳ ವರ್ಗಾವಣೆಯಾದರೂ ಜಗಳ ಅಲ್ಲೇ ಉಳಿಯುತ್ತದೆ.

ಉಪಕೇಂದ್ರಗಳ ನಿವೇಶನದ ಕಾಗದ ತೆಗೆದು ನೋಡಿದರೆ ಎಷ್ಟೋ ಕಡೆ ಅದು ಊರಿನ ಯಾರೋ ಹಿರಿಯರ ಹೆಸರಿನಲ್ಲಿರುತ್ತದೆ. ಅದಕ್ಕೆ ಕಾರಣವೂ ಇದೆ. ಸಂಸ್ಥೆಗಳು ಕೃಷಿ ಜಮೀನು ಹೊಂದದಂತೆ ಕರ್ನಾಟಕ ಭೂ ಸುಧಾರಣಾ ಕಾಯಿದೆಯ 79ಬಿ ಕಲಂ ಬಹುಕಾಲ ತಡೆದಿತ್ತು. 2020ರ ತಿದ್ದುಪಡಿಯಲ್ಲಿ ಆ ಕಲಂ ಹೋಯಿತು. ಅಲ್ಲಿಯವರೆಗೆ ಊರಿನ ರೈತರೊಬ್ಬರ ಹೆಸರಲ್ಲಿ ಬರೆಸಿಕೊಂಡು ‘ದೇವಾಲಯಕ್ಕೆ’ ಎಂದು ನಂಬಿಕೆಯ ಮೇಲೆ ನಡೆಸಿಕೊಂಡು ಬಂದವರಿದ್ದಾರೆ. ಆ ಹಿರಿಯರು ತೀರಿಕೊಂಡರೆ ಮಕ್ಕಳು, ಮೊಮ್ಮಕ್ಕಳು ವಾರಸುದಾರರಾಗಿ ಪಹಣಿಯಲ್ಲಿ ಬರುತ್ತಾರೆ. ಒಬ್ಬ ಮೊಮ್ಮಗ ಸಹಿ ಹಾಕಲ್ಲ ಎಂದರೆ ಸಾಕು, ಕಡತ ನಿಂತಿತು. ಆದ್ದರಿಂದ ಅರ್ಜಿಗೂ ಮುಂಚೆ ಮುಗಿಸಬೇಕಾದದ್ದು ಇದು. ಸರ್ವೆ ನಂಬರಿನ ಒಂದು ಭಾಗವಷ್ಟೇ ದೇವಾಲಯಕ್ಕೆ ಸೇರಿದ್ದಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕು. ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ಬಾಯಿಮಾತಿನ ದಾನಕ್ಕೂ ಬರಿಯ ಛಾಪಾಕಾಗದದ ಬರಹಕ್ಕೂ ಬೆಲೆಯಿಲ್ಲ. ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಬೇಕು. ಕೃಷಿ ಜಮೀನಾದರೆ ಕಟ್ಟಡಕ್ಕೆ ಮುಂಚೆ ಭೂ ಕಂದಾಯ ಕಾಯಿದೆಯ 95ನೇ ಕಲಮಿನಡಿ ಪರಿವರ್ತನೆ, ಆಮೇಲೆ ಖಾತೆ. ‘ದೇವರ ಕೆಲಸ, ಯಾರು ಕೇಳ್ತಾರೆ’ ಎಂದುಕೊಂಡು ಪರಿವರ್ತನೆಯಿಲ್ಲದೆ ಎಬ್ಬಿಸಿದ ಗೋಡೆಯನ್ನು ಮುಂದೊಂದು ದಿನ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ, ಅದೂ ಊರಿನಲ್ಲಿ ಹವಾ ಬಿಸಿಯಾಗಿರುವ ಹೊತ್ತಿನಲ್ಲಿ.

ತಾಯಿ ಧರ್ಮಕೇಂದ್ರದ ಹಣದಲ್ಲಿ ಪಾಲು ಕೇಳಬಹುದೇ? ಕೇಳಬಹುದು. ಒಂದು ಸಂಸ್ಥೆಯ ಭಾಗ ಒಡೆದು ಬೇರೆಯಾದಾಗ ಹಂಚಬಹುದಾದ ಆಸ್ತಿಯನ್ನೂ ಸಾಲವನ್ನೂ ನ್ಯಾಯವಾದ ಪ್ರಮಾಣದಲ್ಲಿ ಹಂಚಬೇಕೆಂದು ಕ್ಯಾನನ್ 122 ಹೇಳುತ್ತದೆ. ಅದೇ ಉಸಿರಿನಲ್ಲಿ ಎರಡು ಷರತ್ತು: ದಾನಿಗಳ ಇಚ್ಛೆ ಮೀರಬಾರದು, ಬಂದಿರುವ ಹಕ್ಕುಗಳಿಗೆ ಭಂಗ ಬರಬಾರದು. ಹಾಗಾಗಿ ಬ್ಯಾಂಕಿನ ಮೊತ್ತವನ್ನು ಮನೆಗಳ ಸಂಖ್ಯೆಯಿಂದ ಭಾಗಿಸುವ ಮೊದಲು ಪುಸ್ತಕ ತೆಗೆದು ಮೂರು ರಾಶಿ ಮಾಡಬೇಕು. ತಾಯಿ ದೇವಾಲಯದ ಗೋಪುರಕ್ಕೆಂದು ಕೊಟ್ಟದ್ದು ಅಲ್ಲೇ. ಉಪಕೇಂದ್ರದ ಕಟ್ಟಡಕ್ಕೆಂದು ಕೊಟ್ಟದ್ದು ಯಾವ ಖಾತೆಯಲ್ಲಿದ್ದರೂ ಉಪಕೇಂದ್ರಕ್ಕೆ. ಉದ್ದೇಶ ಹೇಳದೆ ಬಂದ ಸಾಮಾನ್ಯ ಕಾಣಿಕೆಯಷ್ಟೇ ಚರ್ಚೆಗೆ ಸಿಗುವ ರಾಶಿ. ರಸೀದಿ ಪುಸ್ತಕದಲ್ಲಿ ‘ಚರ್ಚಿಗೆ’ ಎಂದಷ್ಟೇ ಬರೆದಿದ್ದರೆ ಯಾವ ಚರ್ಚಿಗೆ ಎಂದು ಆಗ ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಶಾಲೆ ಇದ್ದರೆ ಊರಿನವರು ಅದೂ ನಮ್ಮದೇ ಎಂದುಕೊಂಡಿರುತ್ತಾರೆ. ಆವರಣ ಒಂದೇ, ಗೇಟು ಒಂದೇ. ಕಾಗದದಲ್ಲಿ ನೋಡಿದರೆ ಅದು ಧರ್ಮಕ್ಷೇತ್ರದ ವಿದ್ಯಾಸಂಸ್ಥೆಯದೋ ಸಿಸ್ಟರುಗಳ ಸಭೆಯದೋ ಆಗಿರುತ್ತದೆ, ಧರ್ಮಕೇಂದ್ರಕ್ಕೆ ಅದರ ಮೇಲೆ ಹಕ್ಕಿರುವುದಿಲ್ಲ. ನೀರಿನ ಸಂಪು, ಕರೆಂಟು ಮೀಟರು, ಹಬ್ಬದ ದಿನ ಮೈದಾನ, ಇವನ್ನೆಲ್ಲ ಯಾರು ಯಾವ ಲೆಕ್ಕದಲ್ಲಿ ಬಳಸುತ್ತಾರೆ ಎಂದು ಒಂದು ಪುಟ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಆಯಿತು.

ಸಮಾಧಿ ಭೂಮಿಯ ಮಾತು ಸೂಕ್ಷ್ಮ. ಅಪ್ಪ-ಅಮ್ಮನ ಗೋರಿ ತಾಯಿ ಧರ್ಮಕೇಂದ್ರದಲ್ಲಿರುವಾಗ ನಾಳೆಯಿಂದ ನಮ್ಮನ್ನು ಅಲ್ಲಿ ಹೂಳುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿದರೆ ಸಹಿ ಹಾಕಿದವರೇ ವಾಪಸು ಪಡೆಯುತ್ತಾರೆ. ತನ್ನ ಸಮಾಧಿಗೆ ಬೇರೆ ಕಡೆ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾನೂನೇ ಕೊಟ್ಟಿದೆ. ಆದರೂ ಹೊಸ ಸಮಾಧಿ ಭೂಮಿ ಸಿಗುವವರೆಗೆ ಹಳೆಯದರಲ್ಲಿ ಮೊದಲಿನಂತೆಯೇ ಅವಕಾಶ ಎಂಬ ಮಾತನ್ನು ಒಪ್ಪಂದದಲ್ಲಿ ಬರೆಸಿ, ಭಾನುವಾರ ಪೂಜೆ ಮುಗಿದ ಮೇಲೆ ಓದಿಸಬೇಕು.

ಪರದೇಶದ ಹಣದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕೊಲ್ಲಿ ದೇಶಗಳಲ್ಲಿ ದುಡಿಯುವ ಊರಿನ ಮಕ್ಕಳು ಭಾರತದ ಪಾಸ್‌ಪೋರ್ಟಿನವರು. ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದನ್ನು ವಿದೇಶಿ ವಂತಿಗೆ ಎಂದು ಎಣಿಸುವುದಿಲ್ಲ. ಅಮೆರಿಕ, ಬ್ರಿಟನ್ನಿನ ಪೌರತ್ವ ಪಡೆದವರ ಹಣ ಹಾಗಲ್ಲ. ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅವರು ವಿದೇಶಿಯರೇ, ಅವರ ಹಣ ವಿದೇಶಿ ವಂತಿಗೆ ನಿಯಂತ್ರಿಸುವ ಕಾಯಿದೆಯಾದ ಎಫ್‌ಸಿಆರ್‌ಎ ನೋಂದಣಿಯಿರುವ ಸಂಸ್ಥೆಗೆ, ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಗೊತ್ತುಪಡಿಸಿದ ಖಾತೆಗೇ ಬರಬೇಕು. ಆ ಕಾಯಿದೆಯ 2020ರ ತಿದ್ದುಪಡಿಯ ಮೇಲೆ ಹಾಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಕ್ಕ ಅಲ್ಲಿಂದ, ತಮ್ಮ ಇಲ್ಲಿಂದ, ಇಬ್ಬರೂ ಒಂದೇ ಕಲ್ಲಿನ ಪೀಠಕ್ಕೆ ಕೊಟ್ಟ ಹಣವಾದರೂ ಒಂದೇ ಖಾತೆಗೆ ಹಾಕಿದರೆ ಸಿಕ್ಕಿಬೀಳುವುದು ಇಡೀ ಧರ್ಮಕ್ಷೇತ್ರದ ನೋಂದಣಿ.

ಗುರುಗಳ ಮನೆಯಿಲ್ಲದ ಕಡೆ ಕೆಲಸ ಸುಲಭವಾಗಿ ಆಗದು. ವಿಚಾರಣಾ ಗುರು ದೇವಾಲಯದ ಹತ್ತಿರದ ಧರ್ಮಕೇಂದ್ರದ ಮನೆಯಲ್ಲೇ ವಾಸಿಸಬೇಕೆಂಬುದು ನಿಯಮ. ಒಂದು ಕಚೇರಿ ಕೋಣೆ, ಪುಸ್ತಕಗಳಿಗೆ ಬೀಗವಿರುವ ಕಬ್ಬಿಣದ ಬೀರು, ಜನ ಕೂರಲು ಜಗುಲಿ ಮುಖ್ಯ. ಮಾರ್ಬಲ್ ನೆಲ ಆಮೇಲೆ. ಎಲ್ಲ ಕೂಡಿಬರದಿದ್ದರೆ ಅರೆ ಧರ್ಮಕೇಂದ್ರವೆಂಬ ನಡುವಿನ ಹಂತವನ್ನು ಕ್ಯಾನನ್ 516 ಇಟ್ಟಿದೆ. ತನ್ನದೇ ಗುರು ಇರುತ್ತಾರೆ, ಪೂರ್ಣ ಸ್ಥಾಪನೆಯಾಗಿರುವುದಿಲ್ಲ. ಹೆಸರು ಕೇಳಿ ಊರಿನವರು ಮುಖ ಸಿಂಡರಿಸುತ್ತಾರೆ. ನಮಗೆ ಕಂಡಂತೆ ಎರಡು ವರ್ಷ ಹೀಗೆ ನಡೆದ ಕಡೆ ಲೆಕ್ಕಪತ್ರ ಕೈಗೆ ಹತ್ತಿ, ಪೂರ್ಣ ಧರ್ಮಕೇಂದ್ರವಾದಾಗ ಯಾವುದಕ್ಕೂ ಗಾಬರಿಯಾಗುವುದಿಲ್ಲ.

ಆಜ್ಞಾಪತ್ರ ಒಂದೆರಡು ಪುಟದ್ದು. ಗುರುಗಳ ಪರಿಷತ್ತಿನ ಅಭಿಪ್ರಾಯ ಕೇಳಿದ ತಾರೀಖು, ಧರ್ಮಕೇಂದ್ರದ ಹೆಸರು, ಪಾಲಕ ಸಂತರು, ಗಡಿ, ಯಾವ ಧರ್ಮಕೇಂದ್ರದಿಂದ ಬೇರ್ಪಟ್ಟಿತು, ಆಸ್ತಿ ಹಂಚಿಕೆ, ಜಾರಿಗೆ ಬರುವ ದಿನ, ಧರ್ಮಾಧ್ಯಕ್ಷರ ಸಹಿ, ಚಾನ್ಸಲರ್ ಸಹಿ, ಮುದ್ರೆ. ಪರಿಷತ್ತಿನ ತಾರೀಖು ಅದರಲ್ಲಿದೆಯೇ ಎಂದು ನೋಡಿಕೊಳ್ಳಿ. ಕಾರಣಗಳನ್ನು ಸಂಕ್ಷೇಪವಾಗಿಯಾದರೂ ಬರೆದಿರಬೇಕು. ಒಪ್ಪದವರು ಆಜ್ಞೆ ತಿಳಿದ ಹತ್ತು ದಿನದೊಳಗೆ ಧರ್ಮಾಧ್ಯಕ್ಷರಿಗೇ ಬರೆದು ಮರುಪರಿಶೀಲನೆ ಕೇಳಬೇಕು. ಅವರಿಗೆ ಮೂವತ್ತು ದಿನ. ಉತ್ತರ ಒಪ್ಪಿಗೆಯಾಗದಿದ್ದರೆ ಮತ್ತೆ ಹದಿನೈದು ದಿನದೊಳಗೆ ರೋಮಿಗೆ ಮೇಲ್ಮನವಿ. ಹತ್ತು ದಿನ ಸುಮ್ಮನಿದ್ದು ವರ್ಷವಾದ ಮೇಲೆ ಗಡಿ ಸರಿಯಿಲ್ಲ ಎನ್ನುವವರ ಕಾಗದವನ್ನು ಯಾರೂ ತೆರೆಯುವುದಿಲ್ಲ.

ಉದ್ಘಾಟನೆಯ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆಜ್ಞೆ ಓದುತ್ತಾರೆ, ಹೊಸ ಗುರುಗಳು ವಿಶ್ವಾಸ ಪ್ರಮಾಣ ಮಾಡುತ್ತಾರೆ, ಬೀಗದಕೈ ಪಡೆಯುತ್ತಾರೆ, ಊಟ. ಮುಗಿಲೆತ್ತರದ ಬ್ಯಾನರಿಗೆ ಸುರಿಯುವ ಹಣದಲ್ಲಿ ಒಂದು ಒಳ್ಳೆಯ ದೀಕ್ಷಾಸ್ನಾನ ತೊಟ್ಟಿ ಬರುತ್ತದೆ, ಅದು ಕಡ್ಡಾಯವಾಗಿ ಬೇಕಾದದ್ದು ಕೂಡ.

ಮಾರನೆಯ ದಿನ ಬೇಕಾಗುವುದು ರಬ್ಬರ್ ಮುದ್ರೆ. ಧರ್ಮಕೇಂದ್ರಕ್ಕೆ ತನ್ನದೇ ಮುದ್ರೆ ಇರಲೇಬೇಕು, ಅದಿಲ್ಲದೆ ಪ್ರಮಾಣಪತ್ರ ಹೊರಡುವುದಿಲ್ಲ. ಆಮೇಲೆ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳು. ಇಲ್ಲಿ ಒಂದು ದೊಡ್ಡ ತಪ್ಪು ಪದೇ ಪದೇ ನಡೆಯುತ್ತದೆ. ತಾಯಿ ಧರ್ಮಕೇಂದ್ರದ ಪುಸ್ತಕದಿಂದ ನಮ್ಮೂರಿನವರ ಹಳೆಯ ದಾಖಲೆಗಳನ್ನೆಲ್ಲ ಹೊಸ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಾರೆ. ಮಾಡಬಾರದು. ಒಬ್ಬ ವ್ಯಕ್ತಿಯ ದೃಢೀಕರಣ ಸಂಸ್ಕಾರ, ಮದುವೆ, ಗುರುದೀಕ್ಷೆ, ಸನ್ಯಾಸ ಎಲ್ಲವೂ ಅವರ ದೀಕ್ಷಾಸ್ನಾನದ ಮೂಲ ದಾಖಲೆಯ ಅಂಚಿನಲ್ಲಿ ಸೇರುತ್ತ ಹೋಗುತ್ತವೆ. ಎರಡು ಪುಸ್ತಕವಾದರೆ ಒಂದರಲ್ಲಿ ಮದುವೆ ನಮೂದಾಗಿರುತ್ತದೆ, ಇನ್ನೊಂದರಲ್ಲಿ ಅದೇ ಮನುಷ್ಯ ಅವಿವಾಹಿತ. ಆ ಎರಡನೆಯ ಪುಸ್ತಕದಿಂದ ಪ್ರಮಾಣಪತ್ರ ಹೊರಟರೆ ಮುಂದಿನದು ಊಹೆಗೆ ಬಿಟ್ಟದ್ದು. ಹಳೆಯದು ಹಳೆಯ ಕಡೆಯೇ ಇರಲಿ. ಇಲ್ಲಿ ನಡೆದ ಮದುವೆಯ ಸುದ್ದಿಯನ್ನು ಅಲ್ಲಿಗೆ ಕಾಗದದ ಮೂಲಕ ಕಳಿಸಿ, ನಮೂದಾಯಿತೆಂಬ ಉತ್ತರ ತರಿಸಿ ಕಡತಕ್ಕೆ ಹಾಕಬೇಕು.

ಮದುವೆ ಪುಸ್ತಕಕ್ಕೆ ಸರ್ಕಾರದ ಕೊಂಡಿಯೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 30ನೇ ಕಲಮಿನ ಪ್ರಕಾರ ಕಥೋಲಿಕ ಗುರುಗಳು ಮೂರು ತಿಂಗಳಿಗೊಮ್ಮೆ ತಮ್ಮಲ್ಲಿ ದಾಖಲಾದ ಮದುವೆಗಳ ವಿವರವನ್ನು ಜನನ, ಮರಣ, ವಿವಾಹಗಳ ಮಹಾ ನೋಂದಣಾಧಿಕಾರಿಗೆ ಕಳಿಸಬೇಕು. ಹೊಸ ಧರ್ಮಕೇಂದ್ರಗಳು ಮೊದಲ ವರ್ಷ ಇದನ್ನು ಮರೆಯುತ್ತವೆ. ವೀಸಾಕ್ಕೆಂದು ಯಾರೋ ಬಂದಾಗ ನೆನಪಾಗುತ್ತದೆ.

ಸಮಿತಿಗಳು ಎರಡು. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಜನರ ಧಾರ್ಮಿಕ ಪಾಲನೆಯ ಕೆಲಸ ನೋಡುವ ಪಾಲನಾ ಸಮಿತಿ ಧರ್ಮಾಧ್ಯಕ್ಷರು ಸೂಕ್ತವೆಂದು ಕಂಡರೆ. ಅದಕ್ಕೆ ಅಧ್ಯಕ್ಷರು ಗುರುಗಳೇ, ಅದರ ಮತ ಸಲಹೆ ಮಾತ್ರ. ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಎಂಬ ಪ್ರಾಟೆಸ್ಟಂಟ್ ಪಂಗಡದಲ್ಲಿ ಬೀಗರಿರುವ ಮನೆಗಳಲ್ಲಿ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಆ ಸಭೆಯಾಯಿತು. ಅಲ್ಲಿ ಸಭೆಯವರು ಆರಿಸಿದ ಸಮಿತಿಗೂ, ಅದರ ಮೇಲಿನ ಧರ್ಮಕ್ಷೇತ್ರ ಮಟ್ಟದ ಡಯಾಸಿಸ್ ಕೌನ್ಸಿಲಿಗೂ, ಇಡೀ ಸಭೆಯ ಉನ್ನತ ಮಂಡಳಿಯಾದ ಸಿನಡ್‌ಗೂ ನಿಜವಾದ ಮತಾಧಿಕಾರವಿದೆ, ಚುನಾವಣೆಯ ಬಿಸಿಯೂ ಅದಕ್ಕೆ ತಕ್ಕಂತೆ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ. ಎಂಟು ಮಂದಿ ಬೇಡ, ಇಬ್ಬರು ಬೇಕು ಎಂದ ಕಡೆ ಗುರುಗಳು ಇಬ್ಬರ ಮಾತು ಹಿಡಿದರೆ ನಿಯಮ ಮುರಿದಂತಲ್ಲ. ವರ್ಷಕ್ಕೆರಡು ಸಲ ಹಾಗೆ ಮಾಡಿದರೆ ಮೂರನೆಯ ಸಲ ಸಭೆಗೆ ಯಾರೂ ಬರುವುದಿಲ್ಲ, ಅಷ್ಟೆ. ಸದಸ್ಯರಾಗುವವರಿಗೆ ಇದನ್ನು ಮೊದಲ ಸಭೆಯಲ್ಲೇ ನೇರವಾಗಿ ಹೇಳಿಬಿಟ್ಟರೆ ಆಮೇಲೆ ಮೋಸಹೋದೆವೆಂಬ ಮಾತು ಬರುವುದಿಲ್ಲ.

ಹಣಕಾಸು ಸಮಿತಿಯ ಮೊದಲ ಕೆಲಸ ಸಾಮಾನುಗಳ ಪಟ್ಟಿ. ಪೂಜಾಪಾತ್ರೆಯಿಂದ ಪ್ಲಾಸ್ಟಿಕ್ ಕುರ್ಚಿಯವರೆಗೆ, ಯಾರು ಕೊಟ್ಟದ್ದು, ಅಂದಾಜು ಬೆಲೆ. ಎರಡು ಪ್ರತಿ, ಒಂದು ಇಲ್ಲಿ, ಒಂದು ಧರ್ಮಕ್ಷೇತ್ರದ ದಫ್ತರದಲ್ಲಿ. ಗಂಟೆ ಕೊಟ್ಟವರು, ಪ್ರತಿಮೆ ಕೊಟ್ಟವರು ಅದು ಇನ್ನೂ ತಮ್ಮದೆಂಬ ಧೋರಣೆಯಲ್ಲಿದ್ದರೆ ಪಟ್ಟಿಗೆ ಅವರ ಸಹಿಯನ್ನೇ ಹಾಕಿಸಿಕೊಳ್ಳುವುದುಂಟು. ಎರಡನೆಯದು ಧರ್ಮಕ್ಷೇತ್ರಕ್ಕೆ ಕಟ್ಟಬೇಕಾದ ಪಾಲು. ಉಪಕೇಂದ್ರವಾಗಿದ್ದಾಗ ತಾಯಿಯ ಲೆಕ್ಕದಲ್ಲಿ ಸೇರಿ ಹೋಗುತ್ತಿದ್ದದ್ದು ಈಗ ಇಲ್ಲಿಯ ವರಮಾನದ ಮೇಲೆ ನೇರ ಬೀಳುತ್ತದೆ, ಉಪದೇಶಿಯ ಸಂಬಳ, ಅಡುಗೆಯವರ ಸಂಬಳ, ಕರೆಂಟು ಬಿಲ್ಲಿನ ಜೊತೆಗೆ. ಮೊದಲ ವರ್ಷದ ಅಂದಾಜಿನಲ್ಲಿ ಇದನ್ನು ಬಿಟ್ಟವರಿಗೆ ವರ್ಷದ ಕೊನೆಯ ತಿಂಗಳುಗಳಲ್ಲಿ ಸುಗ್ಗಿ ಹಬ್ಬದ ಹರಾಜೇ ಗತಿ. ದೀಕ್ಷಾಸ್ನಾನಕ್ಕೋ ಮದುವೆಗೋ ಮನೆಯವರು ಗುರುಗಳ ಕೈಗೆ ಕೊಡುವ ಕಾಣಿಕೆಯೂ, ಇದು ನಿಮಗೇ ಎಂದು ಸ್ಪಷ್ಟವಾಗಿಲ್ಲದಿದ್ದರೆ, ಧರ್ಮಕೇಂದ್ರದ ಖಾತೆಗೆ ಸೇರಬೇಕು.

ವರ್ಷ ಮುಗಿದಾಗ ಲೆಕ್ಕ ಎರಡು ಕಡೆ ಹೋಗುತ್ತದೆ. ಒಂದು ಧರ್ಮಾಧ್ಯಕ್ಷರಿಗೆ, ಅವರು ಅದನ್ನು ತಮ್ಮ ಹಣಕಾಸು ಸಮಿತಿಗೆ ಕೊಡುತ್ತಾರೆ. ಇನ್ನೊಂದು, ಕೊಟ್ಟ ಜನರಿಗೇ. ದೇವಾಲಯದ ಬಾಗಿಲಲ್ಲಿ ಒಂದು ಹಾಳೆ ಅಂಟಿಸಿದರೆ ಸಾಕು, ಆದರೆ ಬಂದದ್ದು, ಹೋದದ್ದು, ಉಳಿದದ್ದು ಮೂರೂ ಅದರಲ್ಲಿರಬೇಕು. ತಾಯಿ ಧರ್ಮಕೇಂದ್ರದಿಂದ ಬಂದ ಪಾಲಿನ ಮೊತ್ತವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಮೊದಲು ಬಂದು ಓದುವವರು ಅದನ್ನೇ ಹುಡುಕುತ್ತಾರೆ.